ಕರಿಕೆಯ ಬೆಳಕು ತಡವಾಗಿ ಬರುತ್ತಿದೆ

ಕರಿಕೆ
16 ಜೂನ್ 2025

ಕುಶಾಲನಗರ ನೋಡ್‌ನ ರಂಜಿತಾ ಅವರಿಗೆ,

ನಿಮಗೆ ಕಾಗದ ಬರೆಯುವ ಆಸೆ ನನಗೇನೂ ಇರಲಿಲ್ಲ. ಇಲ್ಲಿ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ಆಫೀಸಿನ ಲಾಗ್‌ನಲ್ಲಿ ಬರೆದರೆ ಮೈಸೂರಿನಲ್ಲಿ ಕೂತಿರುವ ನಮ್ಮ ತೀರ್ಥಪ್ರಸಾದ್ ಸರ್ ಮೊದಲುಗೊಂಡು ಎಲ್ಲರೂ ಓದುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರ ತಪ್ಪನ್ನು ಹತ್ತು ಜನರೆದುರು ಆಡಿ ನಗಿಸುವ ಅಭ್ಯಾಸ ನನಗಿಲ್ಲ. ಆದ್ದರಿಂದ ರಿಪೇರಿಗೆ ಹೋಗುವ ಲೇಸರ್ ಡಬ್ಬಿಯ ಜೊತೆ ಇದನ್ನೂ ನಮ್ಮ ಜೀಪಿನ ದೇರಪ್ಪಣ್ಣನ ಕೈಗೆ ಕೊಟ್ಟಿದ್ದೇನೆ.

ವಿಷಯ ಇಷ್ಟೆ. ನನ್ನ ನೋಡ್‌ನಿಂದ ಹೊರಟ ಫೋಟಾನ್ ಮತ್ತು ನಿಮ್ಮ ನೋಡ್‌ನಿಂದ ಹೊರಟ ಫೋಟಾನ್ ಮಡಿಕೇರಿಯ ಪೆಟ್ಟಿಗೆಯಲ್ಲಿ ಒಂದೇ ಗಳಿಗೆಗೆ ಕೂಡಬೇಕು. ಪ್ರತಿ ಬೆಳಿಗ್ಗೆ ನೋಡಿದರೆ ಒಂಚೂರು ಜಾರಿರುತ್ತದೆ. ಬೆಳಕಿನ ತಡವನ್ನು ಹೆಚ್ಚುಕಡಿಮೆ ಮಾಡುವ ಡಿಲೇ ತಿರುಪನ್ನು ತಿರುಗಿಸಿ ಎರಡನ್ನೂ ಕೂಡಿಸುತ್ತೇನೆ, ಎಷ್ಟು ಜಾರಿತೆಂಬ ಎಣಿಕೆಯನ್ನು ನೀವು ಸೊನ್ನೆಗೆ ತರುತ್ತೀರಿ, ಕೆಲಸ ಶುರುವಾಗುತ್ತದೆ. ಮಾರನೆಯ ದಿನ ಮತ್ತೆ ಅದೇ ಗೋಳು. ನನ್ನ ಕಡೆಯದೆಲ್ಲ ಬಿಚ್ಚಿ ನೋಡಿದ್ದೇನೆ, ದೋಷವಿಲ್ಲ. ನಿಮ್ಮ ಕಡೆ ನೋಡಿಕೊಳ್ಳಿ.

ಸೆಪ್ಟೆಂಬರಿನಲ್ಲಿ ದೊಡ್ಡವರೆಲ್ಲ ಬಂದು ಕೂತಾಗ ಎರಡೂ ಊರಿನ ನಂಟು ಒಂದು ಗಂಟೆ ಕಳಚದೆ ನಿಲ್ಲಬೇಕು. ನಿಲ್ಲದಿದ್ದರೆ ಮೈಸೂರಿನಿಂದ ಮಂಗಳೂರಿಗೆ ಎಳೆಯಬೇಕೆಂದಿರುವ ಸಾಲು ಇಲ್ಲಿಗೇ ಮುಗಿಯಿತು.

ಇತಿ,
ವಿನುತಾ
ಕರಿಕೆ ನೋಡ್


ಕುಶಾಲನಗರ
19 ಜೂನ್ 2025

ವಿನೂ,

'ನೀವು' ಅಂದೆಯಲ್ಲೇ! ಶನಿವಾರಸಂತೆ ಸಾಹುಕಾರರ ಮಗಳು ಬೈಯುವುದಾದರೆ 'ನೀನು' ಅಂತಲೇ ಬೈಯಲಿ ಅಂತ ಎಷ್ಟು ತಿಂಗಳಿಂದ ಕಾದಿದ್ದೆ ಗೊತ್ತಾ?

ನಾನು ಮಾಡಿದ್ದು ಸರಿಯಲ್ಲ, ಒಪ್ಪಿದೆ. ಕಳೆದ ಆಯುಧಪೂಜೆಗೆ ನೀನು ನೋಡ್ ಪೆಟ್ಟಿಗೆಗೆ ಮೂರೆಳೆ ವಿಭೂತಿ ಎಳೆದೆ, ಅದರ ಪುಡಿ ಫೈಬರಿನ ತುದಿಗೆ ಕೂತು ವಾರವಿಡೀ ಬೆಳಕು ಹೊರಗೆ ಬರಲಿಲ್ಲ. ಅದನ್ನು ಕಂಡುಹಿಡಿದ ನಾನು ನಿನ್ನ ಕಿವಿಯಲ್ಲಿ ಹೇಳಬೇಕಿತ್ತು. ಮೀಟಿಂಗಿನಲ್ಲಿ ಎದ್ದು ನಿಂತು, "ಸಾರ್, ನಮ್ಮ ನೋಡ್‌ಗೆ ದೀಕ್ಷೆ ಆಗ್ಬಿಟ್ಟಿದೆ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಎದ್ದು ಹೋದೆ.

ಅಲ್ಲಿಂದ ಈಚೆಗೆ ನಾವಿಬ್ಬರೂ ಆಡಿದ ಮಾತು ಎರಡೇ. ಬೆಳಿಗ್ಗೆ ಬೆಳಕು ಕೂಡಿದ ಮೇಲೆ ನಾನು ಲಾಗ್‌ನಲ್ಲಿ 'ಸೊನ್ನೆ' ಅಂತ ಹಾಕುತ್ತೇನೆ, ಕೆಳಗೆ ನೀನು 'ಸರಿ' ಅಂತ ಹಾಕುತ್ತೀಯ. ಅಲ್ಲಿಗೆ ಮುಗಿಯಿತು. ದೇರಪ್ಪಣ್ಣ ಇವತ್ತು ನಿನ್ನ ಕಾಗದ ಕೊಡುತ್ತಾ, "ಎಂತ ಮಾರಾಯ್ತಿ, ಅಷ್ಟುದ್ದ ಗಾಜಿನ ದಾರ ಎಳ್ಕೊಂಡು ಕೂತಿದ್ದೀರಿ, ಮಾತು ಮಾತ್ರ ನನ್ನ ಜೀಪಲ್ಲೇ ಬರ್ಬೇಕಾ?" ಅಂದರು. ನಗು ತಡೆಯಲಾಗಲಿಲ್ಲ.

ನನ್ನ ಕಡೆ ಎಲ್ಲ ಸರಿಯಿದೆ ಕಣೇ. ಫೈಬರ್ ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ. ಲೆನ್ಸ್ ಡಬ್ಬಿ ಬೇರೆ, ಪುಡಿ ಡಬ್ಬಿ ಬೇರೆ. ಎರಡನ್ನೂ ಒಟ್ಟಿಗೆ ಬಿಚ್ಚಿ ಆ ಪಾಪವನ್ನೂ ನನ್ನ ತಲೆಗೆ ಕಟ್ಟಬೇಡ.

ನಿನ್ನ ಬೈಗುಳಕ್ಕೆ ಕಾದಿರುವ,
ರಂಜಿತಾ


ಕರಿಕೆ
14 ಜುಲೈ 2025

ರಂಜಿ,

ಚಟ್ನಿಪುಡಿ ಮುಗಿಯಿತು. ನಿನ್ನ ಮೇಲಿನ ಸಿಟ್ಟು ಮುಗಿದಿಲ್ಲ, ಅರ್ಧ ಡಬ್ಬಿಯಷ್ಟು ಉಳಿದಿದೆ. ನಿಮ್ಮಮ್ಮ ಮುತ್ತಮ್ಮನವರಿಗೆ ನನ್ನ ನಮಸ್ಕಾರ ಹೇಳು.

ಇಲ್ಲಿ ನನ್ನ ಜೊತೆ ಮಾತಿಗಿರುವುದು ಚೋಮಿ ಒಬ್ಬಳೇ. ಬಂಡೆಯ ಮೇಲಿನ ನಮ್ಮ ನೋಡ್ ಕಟ್ಟಡಕ್ಕೂ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೂ ನಡುವೆ ಹಳ್ಳದಂಥ ಒಂದು ತೋಡು ಮಾತ್ರ. ಆ ಲೈನಿನವಳು, ತೋಟದ ಕೆಲಸ ಮುಗಿಸಿ ಬಂದು ನನಗೊಂದು ಅನ್ನ ಸಾರು ಮಾಡಿಕೊಡುತ್ತಾಳೆ. ಮೊನ್ನೆ ಕೇಳಿದಳು, "ಕತ್ತಲೆ ಕೋಣೇಲಿ ದಿನಾ ಎಂತ ಮಾಡ್ತೀಯಮ್ಮಾ?"

ಹೇಳಿದೆ. ಎರಡು ಊರಿಂದ ಬೆಳಕಿನ ಎರಡು ಕಾಳು ಹೊರಡುತ್ತೆ. ಮಡಿಕೇರಿಯಲ್ಲಿ ಒಟ್ಟಿಗೆ ಸೇರಿದರೆ ನನ್ನ ಪೆಟ್ಟಿಗೆಯ ಅಣುವಿಗೂ ಅಲ್ಲಿನ ಅಣುವಿಗೂ ನಂಟು ಬೀಳುತ್ತೆ. ಆ ನಂಟಿನ ಮೇಲೆ ಗುಟ್ಟು ಕಳಿಸಬಹುದು, ನಡುವೆ ಯಾರಾದರೂ ಕದ್ದು ಕೇಳಿದರೆ ನಂಟು ಕೆಟ್ಟು ಗೊತ್ತಾಗಿಬಿಡುತ್ತೆ ಅಂತ. ಚೋಮಿ ಎಲೆಅಡಿಕೆ ಉಗಿದು ಬಂದು, "ಆ ಅಮ್ಮಂಗೂ ನಿಂಗೂ ಮಾತಿಲ್ಲ, ನಿಮ್ಮ ಅಣುಗೆ ಮಾತ್ರ ನೆಂಟಸ್ತನವಾ?" ಅಂದಳು. ದೇರಪ್ಪಣ್ಣ ಊರೆಲ್ಲ ಡಂಗುರ ಹೊಡೆದಿದ್ದಾರೆ ಅಂತ ಕಾಣುತ್ತೆ.

ಅವಳ ಮನೆ ಬಾಗಿಲು ಈಗ ಮುಚ್ಚುವುದಿಲ್ಲ. ಗೋಡೆಯಲ್ಲೊಂದು ಬಿರುಕು, ವಾರಕ್ಕೊಮ್ಮೆ ಮಣ್ಣು ಮೆತ್ತುತ್ತಾಳೆ, ಮತ್ತೆ ಬಾಯಿ ಬಿಡುತ್ತದೆ. ಮಳೆಗೆ ಮರ ಉಬ್ಬಿದೆ, ಬಿಡು ಅಂದೆ.

ನನ್ನ ತಿರುಪು ದಿನಾ ಒಂದೇ ಕಡೆಗೆ ತಿರುಗುತ್ತಿದೆ. ಚೂರೇ ಚೂರು. ಹವೆಯದೇ ಇರಬೇಕು.

ಅರ್ಧ ಸಿಟ್ಟಿನ,
ವಿನುತಾ


ಕುಶಾಲನಗರ
2 ಆಗಸ್ಟ್ 2025

ವಿನೂ,

ಅರ್ಧ ಸಿಟ್ಟು ಅಂತ ಓದಿದ ಮೇಲೆ ಇನ್ನು ನಿನ್ನಿಂದ ಮುಚ್ಚಿಡಲು ಮನಸ್ಸು ಒಪ್ಪುತ್ತಿಲ್ಲ. ಕೋಪ ಮಾಡಿಕೊಂಡರೆ ಮಾಡಿಕೋ.

ಕರಿಕೆಯ ಬೆಳಕು ತಡವಾಗಿ ಬರುತ್ತಿದೆ. ಮೇ ತಿಂಗಳಿಂದಲೂ. ನೀನು ಅಲ್ಲಿ ಎದ್ದು ಕೂರುವ ಮೊದಲೇ ನಾನು ಬಂದು ನನ್ನ ತಿರುಪಿನಲ್ಲಿ ಅಷ್ಟು ತಡವನ್ನು ಸೇರಿಸಿ, ನನ್ನ ಬೆಳಕೂ ನಿನಗಾಗಿ ಕಾಯುವ ಹಾಗೆ ಮಾಡುತ್ತಿದ್ದೆ. ಪೂರ್ತಿ ಅಲ್ಲ. ಅನುಮಾನ ಬಾರದಿರಲಿ ಅಂತ ಒಂಚೂರು ನಿನಗೆ ಬಿಡುತ್ತಿದ್ದೆ. ಆಮೇಲೆ ಎಣಿಕೆ ಅಳಿಸಿ 'ಸೊನ್ನೆ' ಅಂತ ಹಾಕುತ್ತಿದ್ದೆ.

ಯಾಕೆ ಅಂತ ಕೇಳಬೇಡ, ನಿನಗೇ ಗೊತ್ತು. ನಿನ್ನ ನೋಡ್‌ನಲ್ಲಿ ಏನೋ ಕೆಟ್ಟಿದೆ ಅಂದುಕೊಂಡೆ. ಇನ್ನೊಂದು ಸಲ ನಿನ್ನ ಕಡೆ ಬೆರಳು ತೋರಿಸಿ ನಿನ್ನನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಸದ್ದಿಲ್ಲದೆ ಸರಿಮಾಡಿದರೆ ಯಾರಿಗೇನು ನಷ್ಟ ಅಂದುಕೊಂಡೆ.

ದಿನದಿನ ಎಷ್ಟು ತಿರುಗಿಸಿದೆ ಅಂತ ಯಂತ್ರದಲ್ಲಿ ಉಳಿದಿದೆ. ಎಲ್ಲ ಕೂಡಿ ಈ ಕಾಗದದ ಹಿಂದೆ ಬರೆದಿದ್ದೇನೆ. ನೋಡಿ ಬೈಯಿ.

ನಿನ್ನ,
ರಂಜಿತಾ


ಕರಿಕೆ
6 ಆಗಸ್ಟ್ 2025

ರಂಜಿ,

ಇದು ನಿನ್ನ ಕೈ ಸೇರುವ ಮೊದಲೇ ನಾನು ಲಾಗ್‌ನಲ್ಲಿ ಕಿರುಚಾಡಿದ್ದನ್ನು ಓದಿರುತ್ತೀಯ. ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನೀನು ಬರೆದದ್ದಕ್ಕೆ ನನ್ನದನ್ನು ಸೇರಿಸಿ ಕೂಡಿ, ಅಷ್ಟು ತಡಕ್ಕೆ ಫೈಬರ್ ಎಷ್ಟು ಉದ್ದವಾಗಿರಬೇಕು ಅಂತ ಲೆಕ್ಕ ಹಾಕಿದೆ. ಒಂದು ಗೇಣು! ಅಯ್ಯೋ ರಂಜಿ, ಒಂದು ಗೇಣು. ನಿನ್ನ ಪಾಲು ಬೇರೆ, ನನ್ನ ಪಾಲು ಬೇರೆ ನೋಡಿದರೆ ಹವೆಯ ಹಾಗೆ ಕಾಣುತ್ತೆ. ಎರಡೂ ಸೇರಿದರೆ ಯಾವ ಹವೆಯೂ ಅಲ್ಲ. ಬಿಸಿಲಿಗೆ ಹಿಗ್ಗಿದ್ದು ಚಳಿಗೆ ಕುಗ್ಗಲೇಬೇಕು, ಇದು ಮೇ ತಿಂಗಳಿಂದ ಒಂದು ದಿನವೂ ಹಿಂದೆ ಬಂದಿಲ್ಲ. ಗಾಜು ತಾನಾಗಿ ಬೆಳೆಯುತ್ತದೆಯೇ? ಅದನ್ನು ಏನೋ ಎಳೆಯುತ್ತಿದೆ.

ಕೇಬಲಿಗೆ ಬೆಳಕು ಬಿಟ್ಟು, ತಿರುಗಿ ಬಂದದ್ದನ್ನು ಅಳೆದು, ಎಳೆತ ಎಲ್ಲಿದೆ ಅಂತ ನೋಡಿದೆ. ನಮ್ಮ ಕೇಬಲು ಲೈನ್ ಮನೆಗಳ ನೆತ್ತಿಯ ಮೇಲೆ ಗುಡ್ಡದ ಮೈಯಲ್ಲಿ ಹೋಗಿದೆಯಲ್ಲ, ಸರಿಯಾಗಿ ಅಲ್ಲಿ. ಕೊಡೆ ಹಿಡಿದು ಹತ್ತಿದೆ. ಕಾಫಿ ಗಿಡಗಳು ಕೆಳಗೆ ಬಾಗಿವೆ. ತರಗೆಲೆಯ ಕೆಳಗೆ ನೆಲ ಸೀಳಿದೆ, ನನ್ನ ಕಾಲು ಮೊಣಕಾಲಿನವರೆಗೂ ಒಳಗಿಳಿಯಿತು. ಗುಡ್ಡ ಇಳಿಯುತ್ತಿದೆ ಕಣೇ. ಅದರ ಕೆಳಗೆ ಚೋಮಿ, ಅವಳ ಮೊಮ್ಮಕ್ಕಳು, ಹತ್ತು ಮನೆ ಜನ ಗಂಜಿ ಕಾಯಿಸುತ್ತಿದ್ದರು. ಬಾಗಿಲು ಮುಚ್ಚುತ್ತಿಲ್ಲ ಅಂತ ಅವಳು ಹೇಳಿದಾಗ ಮರ ಉಬ್ಬಿದೆ ಅಂದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ.

ಎಲ್ಲರನ್ನೂ ಹೊರಡಿಸಿ ಬಂಡೆಯ ಮೇಲೆ ನೋಡ್ ಕಟ್ಟಡಕ್ಕೆ ಕರೆತಂದೆ. ದೇರಪ್ಪಣ್ಣ ಮುದುಕರನ್ನೂ ಮಕ್ಕಳನ್ನೂ ಜೀಪಿನಲ್ಲಿ ಸಾಗಿಸಿದರು. ಧೂಳು ಬೀಳಬಾರದು, ಅಲುಗಬಾರದು ಅಂತ ನಾನು ಚಪ್ಪಲಿ ಬಿಟ್ಟು ಓಡಾಡುತ್ತಿದ್ದ ಕೋಣೆಯಲ್ಲಿ ಈಗ ಒಲೆ ಉರಿಯುತ್ತಿದೆ. ಕೂಸೊಂದು ಕನ್ನಡಿ ಮೇಜಿನ ಕೆಳಗೆ ಮಲಗಿದೆ. ಸೆಪ್ಟೆಂಬರ್ ಹಾಳಾಗಿ ಹೋಗಲಿ.

ಇನ್ನು ಮೇಲೆ ಸೊನ್ನೆ ಮಾಡಬೇಡ. ನಿನ್ನ ಕಾಲು ಹಿಡಿಯುತ್ತೇನೆ, ಎಣಿಕೆಯನ್ನು ಅಳಿಸಬೇಡ.

ವಿನುತಾ


ಕುಶಾಲನಗರ
10 ಆಗಸ್ಟ್ 2025

ವಿನೂ,

ಲಾಗ್‌ನಲ್ಲಿ 'ಗುಡ್ಡ ಜಾರುತ್ತಿದೆ' ಅಂತ ಕಂಡಾಗ ಕಾಫಿ ಲೋಟ ಕೈಯಿಂದ ಜಾರಿತು. ನಮ್ಮಿಬ್ಬರ ಮುನಿಸಿನ ನಡುವೆ ಒಂದು ಗುಡ್ಡ ನಡೆದು ಬರುತ್ತಿತ್ತು, ಅದನ್ನು ನಾನು ದಿನಾ ಬೆಳಿಗ್ಗೆ ಒರೆಸಿ ಹಾಕುತ್ತಿದ್ದೆ!

ತೀರ್ಥಪ್ರಸಾದ್ ಸರ್ ಎಲ್ಲವನ್ನೂ ಓದಿದರು. ಮೊದಲು ಬಾಯಿಗೆ ಬಂದ ಹಾಗೆ ಬೈದರು. ಆಮೇಲೆ ಯಂತ್ರವನ್ನು ಹಾಗೇ ಓಡಲು ಬಿಡಿ ಅಂದರು.

ಆರನೇ ತಾರೀಕಿನಿಂದ ಎಣಿಕೆ ಅಳಿಸಿಲ್ಲ. ನಾಲ್ಕು ಸೆಂಟಿಮೀಟರ್ ಆಗಿದೆ. ನಿನ್ನ ಪರದೆಯಲ್ಲೂ ಕಾಣುತ್ತಿರಬೇಕು. ನಾನು ಮುಟ್ಟುವುದಿಲ್ಲ, ಅಮ್ಮನಾಣೆ.

ನಿನ್ನ,
ರಂಜಿತಾ


ಕರಿಕೆ
16 ಆಗಸ್ಟ್ 2025

ರಂಜಿ,

ಬಿಸಿಲು ಬಂದಿದೆ. ಹಾಳು ಬಿಸಿಲು, ಎಲ್ಲರ ಹೆದರಿಕೆಯನ್ನೂ ಒಣಗಿಸಿಬಿಟ್ಟಿದೆ. ಎಣಿಕೆ ನಾಲ್ಕರಲ್ಲೇ ನಿಂತಿದೆ. ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಬಂದು, "ಗುಡ್ಡ ಎಲ್ಲಿ ಮೇಡಂ, ಇಲ್ಲೇ ಉಂಟಲ್ಲ" ಅಂತ ಹಲ್ಲು ಕಿರಿದ. ಸೋಮವಾರ ಲೈನಿಗೆ ಬಾರದಿದ್ದವರು ಬೇರೆ ಎಸ್ಟೇಟ್ ನೋಡಿಕೊಳ್ಳಲಿ ಅಂತೆ. ಇಲ್ಲಿಯೂ ಒಂದೇ ಕೋಣೆಯಲ್ಲಿ ಇಷ್ಟು ಜನ, ಜಗಳ ಶುರುವಾಗಿದೆ. ಸರ್ ಕೂಡ ಸೋಮವಾರದಿಂದ ಕೆಲಸ ಮತ್ತೆ ಶುರು ಮಾಡೋಣ ಅಂದಿದ್ದಾರಲ್ಲ.

ನನ್ನ ತಿರುಪು ಕೊನೆ ಮುಟ್ಟಿ ನಿಂತುಬಿಟ್ಟಿದೆ. ಇನ್ನು ಗುಡ್ಡದ ಸುದ್ದಿ ತಿಳಿಯುವುದು ನಿನ್ನ ಎಣಿಕೆಯಿಂದ ಮಾತ್ರ. ಜನರಿಗೆ ಹೇಳಿದ್ದೇನೆ: ಸೋಮವಾರ ಬೆಳಿಗ್ಗೆ ನೋಡುತ್ತೇನೆ. ನಾಲ್ಕು ನಾಲ್ಕರಲ್ಲೇ ಇದ್ದರೆ ಹೋಗಿ, ಒಂದು ಎಳೆಯಷ್ಟು ಹೆಚ್ಚಿದ್ದರೂ ಯಾರೂ ಇಳಿಯಕೂಡದು.

ದೇರಪ್ಪಣ್ಣ ಇದನ್ನು ಇವತ್ತೇ ತಲುಪಿಸುತ್ತಾರೆ. ಕೈಲ್‌ಪೋಳ್ದ್ ಹಬ್ಬದ ಆಯುಧಪೂಜೆಗೆ, ಕೋವಿಗೆ ಮುಡಿಸುವ ತೋಕ್ ಹೂವನ್ನು ಜೀಪಿಗೂ ಕಟ್ಟುತ್ತಾರಂತೆ. "ನಿಮ್ಮ ಯಂತ್ರಕ್ಕೂ ಒಂದು ಹೂ ತರ್ತೇನೆ, ಬೂದಿ ಮಾತ್ರ ಬೇಡ" ಅಂದರು. ಈ ಮನುಷ್ಯನಿಗೆ ಆ ಕಥೆಯನ್ನೂ ಹೇಳಿದ್ದೀಯಾ?

ನಿನ್ನ,
ವಿನುತಾ


ಕುಶಾಲನಗರ
27 ಆಗಸ್ಟ್ 2025

ವಿನೂ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಜೀಪಿನ ಸದ್ದು ಕೇಳಿದಾಗಲೆಲ್ಲ ಈಗಲೂ ಗೇಟಿಗೆ ಓಡುತ್ತೇನೆ.

ದೇರಪ್ಪಣ್ಣನ ಮಣ್ಣಿಗೆ ಬರುವ ಮುಖ ನನಗಿರಲಿಲ್ಲ. ಯಾಕೆ ಬರಲಿಲ್ಲ ಅಂತ ನೀನು ಕೇಳಲಿಲ್ಲ. ಕೇಳು ವಿನೂ. ನಾನೇ ಹೇಳುತ್ತೇನೆ.

ನಿನ್ನ ಕಾಗದವನ್ನು ಭಾನುವಾರವಿಡೀ ಓದಿದ್ದೆ. ನಾಲ್ಕು, ನಾಲ್ಕು ಅಂತ ಬಾಯಿಪಾಠ ಮಾಡಿದ್ದೆ. ಭಾನುವಾರ ರಾತ್ರಿ ಮಳೆ ಹೊಡೆಯಿತು. ಸೋಮವಾರ ನಾನು ಬರುವಾಗ ಕೋಣೆ ತುಂಬ ಜನ, ಸರ್ ಫೋನಿನಲ್ಲಿ, ಎಲ್ಲರೂ ಹೊಸದಾಗಿ ಶುರು ಮಾಡೋಣ ಅನ್ನುತ್ತಿದ್ದಾರೆ. ಕುರ್ಚಿಯಲ್ಲಿ ಕೂತೆ. ಕರಿಕೆಯ ಬೆಳಕು ತಡವಾಗಿತ್ತು. ಬಹಳ ತಡವಾಗಿತ್ತು. ಕೈ ತಾನಾಗಿ ತಿರುಪಿಗೆ ಹೋಯಿತು, ಬೆಳಕು ಕೂಡಿಸಿತು, ಎಣಿಕೆ ಅಳಿಸಿತು, 'ಸೊನ್ನೆ' ಅಂತ ಹಾಕಿತು. ಸರ್ ಜೊತೆ ಮಾತು ಮುಗಿಯಲು ಬಹಳ ಹೊತ್ತಾಯಿತು, ಆಮೇಲೆ ಯಾರೋ ಕಾಫಿ ತಂದು ಕೊಟ್ಟರು, ಕುಡಿದೆ. ಅರ್ಧ ಲೋಟ ಕುಡಿದ ಮೇಲೆ ಏನು ಮಾಡಿದೆ ಅಂತ ಗೊತ್ತಾಯಿತು. ಲಾಗ್‌ನಲ್ಲಿ 'ಬೇಡ ಬೇಡ' ಅಂತ ಬಡಿದೆ. ಅಷ್ಟರಲ್ಲಿ ನಿನ್ನ ಬೆಳಕು ನಿಂತುಹೋಗಿತ್ತು. ಕೇಬಲ್ ತುಂಡಾಗಿತ್ತು.

ಎಲ್ಲವನ್ನೂ ಬರೆದು ಸರ್‌ಗೆ ಕೊಟ್ಟಿದ್ದೇನೆ. ನನ್ನೊಬ್ಬಳದೇ ತಪ್ಪು, ವಿನುತಾಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ, ಅವಳು ನನ್ನನ್ನು ನಂಬಿದ್ದಳು ಅಂತ ಬರೆದಿದ್ದೇನೆ. ಕೆಲಸ ಬಿಡುತ್ತಿದ್ದೇನೆ. ಈ ಸಲ ನನ್ನ ಜೊತೆ ಮಾತು ಬಿಟ್ಟರೆ ನಾನು ಕಾಯುವುದಿಲ್ಲ, ಅದು ನ್ಯಾಯವೇ.

ರಂಜಿತಾ


ಕರಿಕೆ
3 ಸೆಪ್ಟೆಂಬರ್ 2025

ರಂಜಿ,

ಇವತ್ತು ಕೈಲ್‌ಪೋಳ್ದ್. ದೇರಪ್ಪಣ್ಣನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಪೂವಮ್ಮಕ್ಕ ಕಾಫಿ ಕೊಟ್ಟರು. ಜೀಪ್ ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ತೋಕ್ ಹೂ ಇಟ್ಟಿದ್ದರು.

ಆ ದಿನ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ದೇರಪ್ಪಣ್ಣ ಜನರನ್ನು ಜೀಪಿನಲ್ಲಿ ಕೆಳಗಿಳಿಸಿದರು. ಚೋಮಿ ತನ್ನ ಮನೆ ಬಾಗಿಲು ತಳ್ಳಿದಳು. ಯಾವತ್ತೂ ಮುಚ್ಚದೆ ಇದ್ದ ಬಾಗಿಲು, ಈಗ ಕಚ್ಚಿಕೊಂಡು ಕೂತಿತ್ತು, ಏನು ಮಾಡಿದರೂ ತೆರೆಯಲಿಲ್ಲ. ಗೋಡೆಯೇ ವಾಲಿ ಬಾಗಿಲ ಮೇಲೆ ಕೂತಿತ್ತು. "ಓಡ್ರೋ" ಅಂತ ಚೋಮಿ ಕೂಗಿದಳು, ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ತೋಡು ದಾಟಿದರು. ಕೊನೆಯ ಮನೆಗಳವರಿಗೆ ಅವಳ ಕೂಗು ಕೇಳಿರಲಿಲ್ಲ. ದೇರಪ್ಪಣ್ಣ ಜೀಪನ್ನು ಅತ್ತ ಕಡೆಗೇ ತಿರುಗಿಸಿ ಹಾರ್ನ್ ಒತ್ತಿ ಹಿಡಿದರು. ಅವರೂ ಹೊರಗೆ ಓಡಿಬಂದು ಉಳಿದುಕೊಂಡರು. ನಾನು ಬಂಡೆಯ ಮೇಲಿದ್ದೆ. ಹಾರ್ನ್ ಕೇಳುತ್ತಿತ್ತು. ಗುಡ್ಡ ಇಳಿಯುವ ಸದ್ದಿನ ಒಳಗೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಪೂವಮ್ಮಕ್ಕ ನನ್ನನ್ನು ಒಂದೇ ಮಾತು ಕೇಳಿದರು. "ಜೀಪು ಹತ್ತಲಿಕ್ಕೆ ಜನ ಹೆದ್ರಿದ್ರಂತೆ. ಮೇಡಂ ನಂಬರ್ ನೋಡಿದ್ದಾರೆ, ಎಂತದೂ ಆಗುದಿಲ್ಲ ಬನ್ನಿ ಅಂತ ಇವ್ರೇ ಹತ್ಸಿದ್ರಂತೆ, ಹೌದಾ?" ಹೌದು ಅಂದೆ.

ನಿನ್ನ ವರದಿಯನ್ನು ಸರ್ ನನಗೂ ಕಳಿಸಿದ್ದರು. ಅದರಲ್ಲಿ ಒಂದು ಮಾತು ಸುಳ್ಳು. ನನಗೆ ಸಂಬಂಧವಿಲ್ಲ ಅಂತ ಬರೆದಿದ್ದೀಯ. ನಾನು ಜನರಿಗೆ ಕೊಟ್ಟ ಮಾತು ನೆನಪಿದೆಯಲ್ಲ, ನಾಲ್ಕು ನಾಲ್ಕರಲ್ಲೇ ಇದ್ದರೆ ಹೋಗಿ ಅಂತ. ಸೋಮವಾರ ಬೆಳಿಗ್ಗೆ ಪರದೆಯ ಮುಂದೆ ನಾನೇ ಹೋಗಿ ಕೂತೆ. ಅಲ್ಲಿ ನಾಲ್ಕು ಇರಲಿಲ್ಲ, ಸೊನ್ನೆ ಇತ್ತು. ಜಾರಿದ ಗುಡ್ಡ ಮೇಲೆ ಹತ್ತಿ ತನ್ನ ಜಾಗದಲ್ಲಿ ಹೋಗಿ ಕೂರುವುದಿಲ್ಲ ಅಂತ ಚೋಮಿಯ ಮೊಮ್ಮಗಳಿಗೂ ಗೊತ್ತು. ಅದು ನಿನ್ನ ಕೈ ಅಂತ ನನಗೆ ಆ ಕ್ಷಣವೇ ತಿಳಿಯಬೇಕಿತ್ತು. ನಾನು ಸೊನ್ನೆ ಕಂಡೆ, ನನ್ನ ಎದೆ ಹಗುರಾಯಿತು. ಬದುಕಿದೆ, ಒಲೆ ಹೊರಗೆ ಹೋಗುತ್ತದೆ, ನನ್ನ ಕೋಣೆ ನನಗೆ ಸಿಗುತ್ತದೆ ಅಂತ ಖುಷಿಪಟ್ಟೆ.

ಅದಕ್ಕೇ ನಿನ್ನ ವರದಿಗೆ ಆ ದಿನದ ಲಾಗ್ ಪ್ರತಿಯನ್ನು ಸೇರಿಸಿ ಸಹಿ ಮಾಡಿ ಕಳಿಸಿದ್ದೇನೆ. ನಿನ್ನ 'ಬೇಡ ಬೇಡ'ಕ್ಕೆ ಮೊದಲು ಅದರಲ್ಲಿ ಇರುವುದು ಎರಡೇ ಸಾಲು. ನೀನು 'ಸೊನ್ನೆ' ಅಂತ ಹಾಕಿದ್ದೀಯ. ಅದರ ಕೆಳಗೆ ನಾನು 'ಸರಿ' ಅಂತ ಹಾಕಿದ್ದೇನೆ.

ನಿನ್ನ,
ವಿನುತಾ